ಹತ್ತಿಯ ಹೊನ್ನು, ಸಾಲದ ಪತ್ರ

ವ್ಯಾಪಾರದ ಏರಿಳಿತವನ್ನು ಅರ್ಥಶಾಸ್ತ್ರಜ್ಞರು ‘ವ್ಯಾಪಾರಚಕ್ರ’ವೆಂದು ಕರೆಯುತ್ತಾರೆ. ಭಾಷೆಯನ್ನು ಕಲಿಸುವವನಾದ ನನಗೆ ಈ ಹೆಸರಿನ ಮೇಲೆ ತಕರಾರುಂಟು. ಚಕ್ರವೆಂದಮೇಲೆ ಕೆಳಗಿಳಿದದ್ದು ಮೇಲೇರಲೇಬೇಕು. ನಮ್ಮ ಪೇಟೆಗಳ ‘ತೇಜಿ’, ‘ಮಂದಿ’ ಎಂಬ ಮಾತುಗಳೇ ಹೆಚ್ಚು ಪ್ರಾಮಾಣಿಕವಾದವು. ಅವು ಅಂಥ ಭರವಸೆಯನ್ನೇನೂ ಕೊಡುವುದಿಲ್ಲ.

1861ರಲ್ಲಿ ಅಮೆರಿಕದ ಅಂತರ್ಯುದ್ಧ ಮೊದಲಾಯಿತು. ಅಲ್ಲಿನ ದಕ್ಷಿಣದ ಬಂದರುಗಳು ದಿಗ್ಬಂಧನಕ್ಕೊಳಗಾಗಿ, ಲ್ಯಾಂಕಷೈರಿನ ಗಿರಣಿಗಳು ಹತ್ತಿಗಾಗಿ ಹಿಂದೂಸ್ಥಾನದತ್ತ ತಿರುಗಿದವು. ಆ ಬಿಸಿ ನಮ್ಮ ನಾಡಿಗೂ ತಟ್ಟಿತು. 1862ರಲ್ಲಿ ಉತ್ತರ ಕನ್ನಡವು ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದುದರ ಹಿಂದೆ, ಧಾರವಾಡದ ಹತ್ತಿಯನ್ನು ಕಾರವಾರದ ಬಂದರಿನಿಂದ ಸಾಗಿಸುವ ಹವಣಿಕೆಯಿತ್ತು. ಪರದೇಶದ ಯುದ್ಧಕಾಲದಲ್ಲಿ ಇಲ್ಲಿ ಒಂದು ಜಿಲ್ಲೆಯೇ ಪ್ರಾಂತ ಬದಲಿಸಿತು!

ಮುಂಬಯಿಗೆ ಹರಿದು ಬಂದ ಹಣ ಹತ್ತಿಯಲ್ಲಿಯೇ ನಿಲ್ಲಲಿಲ್ಲ. ಕಡಲನ್ನು ತುಂಬಿ ನೆಲ ಮಾಡುವ ಬ್ಯಾಕ್ ಬೇ ಕಂಪನಿ ಹುಟ್ಟಿತು. ಅದರ 5,000 ರೂಪಾಯಿಯ ಷೇರು ಸುಮಾರು 50,000ಕ್ಕೆ ಏರಿತು. ಇನ್ನೂ ನೀರಾಗಿಯೇ ಇದ್ದ ನೆಲಕ್ಕೆ ಆ ಬೆಲೆ! ದಲ್ಲಾಳಿ ಪ್ರೇಮಚಂದ ರಾಯಚಂದರ ಮಾತು ಬ್ಯಾಂಕ್ ಆಫ್ ಬಾಂಬೆಯಲ್ಲಿ ನಡೆಯುತ್ತಿತ್ತು. ಷೇರುಗಳನ್ನೇ ಅಡವಿಟ್ಟುಕೊಂಡು ಅದು ಸಾಲ ಕೊಟ್ಟಿತು. ಅದೇ 1862ರಲ್ಲಿ ಪ್ಯಾರಿಸಿನಲ್ಲಿ ವೈದ್ಯಕೀಯ ಓದಿದ್ದ ಕ್ಲೆಮಾನ್ ಜುಗ್ಲಾರ್ ಎಂಬಾತ, ವ್ಯಾಪಾರದ ಮುಗ್ಗಟ್ಟುಗಳು ಸರದಿಯಂತೆ ಮರಳುತ್ತವೆ, ಅವುಗಳ ಬೀಜವಿರುವುದು ಹಿಂದಿನ ಸಮೃದ್ಧಿಯಲ್ಲಿಯೇ ಎಂದು ಗ್ರಂಥ ಬರೆದಿದ್ದ.

1865ರ ಏಪ್ರಿಲಿನಲ್ಲಿ ದಕ್ಷಿಣದ ಸೇನಾನಿ ಲೀ ಶರಣಾದ. ಹತ್ತಿಯ ಬೆಲೆ ಕುಸಿಯಿತು. ಜುಲೈ 1 ವಾಯಿದೆಯ ಲೆಕ್ಕ ತೀರಿಸಬೇಕಾದ ದಿನ. ತೀರಿಸುವ ಶಕ್ತಿ ಹಲವರಲ್ಲಿ ಉಳಿದಿರಲಿಲ್ಲ. ಬ್ಯಾಕ್ ಬೇ ಷೇರು 2,000ಕ್ಕಿಂತ ಕೆಳಗಿಳಿಯಿತು. ಬ್ಯಾಂಕ್ ಆಫ್ ಬಾಂಬೆ 1868ರಲ್ಲಿ ಮುಚ್ಚಿತು. ಆದರೂ ಅದೇ ಹೆಸರಿನ ಹೊಸ ಬ್ಯಾಂಕು ಅದೇ ವರ್ಷ ಎದ್ದಿತು. ಪ್ರೇಮಚಂದರು ಕೊಟ್ಟ ಹಣದಿಂದ ಅವರ ತಾಯಿಯ ಹೆಸರಿನ ರಾಜಾಬಾಯಿ ಗೋಪುರವೂ 1878ರಲ್ಲಿ ಪೂರ್ತಿಯಾಯಿತು. ಪಟ್ಟಣದ ಮಟ್ಟಿಗೆ ಚಕ್ರ ತಿರುಗಿತೆನ್ನಬಹುದು.

ಹಳ್ಳಿಯ ಮಾತು ಬೇರೆ. ತೇಜಿಯ ದಿನಗಳಲ್ಲಿ ದಖ್ಖನಿನ ರೈತನಿಗೆ ಧಾರಾಳವಾಗಿ ಸಾಲ ಕೊಟ್ಟ ಸಾಹುಕಾರರು ಮಂದಿಯಲ್ಲಿ ಕೈ ಬಿಗಿಹಿಡಿದರು. ಸರಕಾರವೋ ಕಂದಾಯವನ್ನು ಏರಿಸಿತು. ಬೆಲೆ ಇಳಿದರೂ ಪತ್ರದಲ್ಲಿ ಬರೆದ ಮೊತ್ತ ಇಳಿಯಲಿಲ್ಲ, ಬಡ್ಡಿ ಸೇರಿ ಬೆಳೆಯಿತು. 1875ರ ಮೇ 12ರಂದು ಪುಣೆ ಜಿಲ್ಲೆಯ ಸೂಪೆಯಲ್ಲಿ ರೈತರು ಸಾಹುಕಾರರ ಮೇಲೆ ಏರಿಹೋದರು. ಅವರು ಮುಖ್ಯವಾಗಿ ಹುಡುಕಿದ್ದು ಸಾಲಪತ್ರಗಳನ್ನು ಮತ್ತು ಲೆಕ್ಕದ ವಹಿಗಳನ್ನು, ಸಿಕ್ಕವನ್ನು ಸುಟ್ಟರು. ಪತ್ರದ ಮಾತನ್ನಷ್ಟೇ ನಂಬದೆ ಸಾಲದ ಪೂರ್ವಕಥೆಯನ್ನೂ ನ್ಯಾಯಾಲಯ ವಿಚಾರಿಸಬಹುದೆಂಬ ಕಾಯಿದೆ ಬಂದದ್ದು 1879ರಲ್ಲಿ, ಹತ್ತಿಯ ಬೆಲೆ ಕುಸಿದ ಹದಿನಾಲ್ಕು ವರ್ಷಗಳ ಮೇಲೆ.