ನಾಟಕ ಆಡುವ ಮುನ್ನ ನಾಟಕಕಾರರನ್ನು ಕೇಳಬೇಕೆ?

ಬೆಂಗಳೂರು: ಬಸವೇಶ್ವರನಗರದ ಕೆ.ಇ.ಎ. ಪ್ರಭಾತ್ ರಂಗಮಂದಿರದಲ್ಲಿ ನಾಟಕವೊಂದನ್ನು ಆಡಬೇಕಾದರೆ ತಂಡವು ಮೊದಲು ಬಾಡಿಗೆಯ ಹಣ ಹೊಂದಿಸಬೇಕು. ನಂತರ ಬೆಳಕು, ಧ್ವನಿ, ಪ್ರಸಾಧನ, ಉಡುಪು, ಕರಪತ್ರಗಳ ಖರ್ಚು. ಈ ಲೆಕ್ಕದ ಕಟ್ಟಕಡೆಗೆ ಬರುವುದು, ಹಲವೊಮ್ಮೆ ಬಾರದೆಯೇ ಉಳಿಯುವುದು, ನಾಟಕ ಬರೆದವರ ಗೌರವಧನ. ಪುಸ್ತಕ ಅಂಗಡಿಯಲ್ಲಿ ಸಿಗುತ್ತದೆ, ಕೊಂಡು ತಂದ ಮೇಲೆ ಆಡುವುದಕ್ಕೆ ಯಾರನ್ನು ಕೇಳಬೇಕು ಎಂಬ ಭಾವನೆ ರಂಗಾಸಕ್ತರಲ್ಲಿ ಇಂದಿಗೂ ಇದೆ.

ಕಾನೂನು ಹಾಗೆ ಹೇಳುವುದಿಲ್ಲ. ಪುಸ್ತಕ ಕೊಂಡವರಿಗೆ ಓದುವ ಹಕ್ಕು ಬರುತ್ತದೆ, ಸಾರ್ವಜನಿಕವಾಗಿ ಪ್ರದರ್ಶಿಸುವ ಹಕ್ಕು ಬರುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಆ ಹಕ್ಕು ಕರ್ತೃವಿನದು. ಅವರ ಜೀವಿತಕಾಲ ಮತ್ತು ನಿಧನರಾದ ವರ್ಷದ ನಂತರದ 60 ವರ್ಷ ಅದು ಅವರಲ್ಲಿ ಅಥವಾ ವಾರಸುದಾರರಲ್ಲಿ ಇರುತ್ತದೆ.

ಈ ಲೆಕ್ಕವನ್ನು ಕನ್ನಡದ ನಾಟಕಕಾರರಿಗೆ ಅನ್ವಯಿಸಿ ನೋಡಬಹುದು. 1946ರಲ್ಲಿ ನಿಧನರಾದ ಟಿ.ಪಿ. ಕೈಲಾಸಂ ಅವರ ಕಾಲದಲ್ಲೇ ಬೆಳಕು ಕಂಡ ನಾಟಕಗಳ ಸ್ವಾಮ್ಯ 2006ರ ಅಂತ್ಯಕ್ಕೆ ಮುಗಿದಿದೆ. ಕೈಲಾಸಂ ಬಾಯಲ್ಲಿ ಹೇಳಿ ಬೇರೆಯವರಿಂದ ಬರೆಸುತ್ತಿದ್ದವರು. ಆದರೂ ಕರ್ತೃ ಅವರೇ, ಬರೆದುಕೊಂಡವರಲ್ಲ. ಶ್ರೀರಂಗರು ತೀರಿಕೊಂಡದ್ದು 1984ರಲ್ಲಿ. ಅವರ ನಾಟಕಗಳಿಗೆ 2044ರ ಕೊನೆಯವರೆಗೆ ಅನುಮತಿ ಬೇಕು. ಪಿ. ಲಂಕೇಶರ ನಾಟಕಗಳಿಗೆ 2060, ಗಿರೀಶ ಕಾರ್ನಾಡರ ನಾಟಕಗಳಿಗೆ 2079. ಶೇಕ್ಸ್‌ಪಿಯರ್‌ಗೆ ಯಾರ ಅಪ್ಪಣೆಯೂ ಬೇಡ, ನಿಜ. ಆದರೆ ಆತನನ್ನು ಕನ್ನಡಕ್ಕೆ ತಂದ ಅನುವಾದಕರಿಗೆ ತಮ್ಮ ಅನುವಾದದ ಮೇಲೆ ಪ್ರತ್ಯೇಕ ಹಕ್ಕಿದೆ. ತಂಡಗಳು ಎಡವುವುದು ಇಲ್ಲಿಯೇ.

ಎರಡು ಹಕ್ಕುಗಳು ಒಂದೇ ಪ್ರಯೋಗದಲ್ಲಿ ಹೇಗೆ ಸೇರುತ್ತವೆ ಎಂಬುದಕ್ಕೆ ನಗರದ ಪಶ್ಚಿಮ ಭಾಗದವರು ಕಣ್ಣಾರೆ ಕಂಡ ಉದಾಹರಣೆಯೇ ಇದೆ. ಜ್ಞಾನಭಾರತಿ ಸಮೀಪದ ಮಲ್ಲತ್ತಹಳ್ಳಿಯ ಕಲಾಗ್ರಾಮದಲ್ಲಿ 2013ರಲ್ಲಿ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ರಂಗಕ್ಕೆ ಬಂತು. ಮೈಸೂರಿನ ರಂಗಾಯಣದಲ್ಲಿ 2010ರಲ್ಲಿ ಮೊದಲು ಪ್ರದರ್ಶನಗೊಂಡ ಈ ಪ್ರಯೋಗದ ನಿರ್ದೇಶಕರು ಸಿ. ಬಸವಲಿಂಗಯ್ಯ, ಸಂಗೀತ ಹಂಸಲೇಖ ಅವರದು, ರಂಗರೂಪ ಕೆ.ವೈ. ನಾರಾಯಣಸ್ವಾಮಿ ಅವರದು. ಸುಮಾರು ಒಂಬತ್ತು ಗಂಟೆಗಳ ನಾಟಕ. ರಾತ್ರಿ ಊಟ ಮುಗಿಸಿ ಕಂಬಳಿ, ಶಾಲು ಹಿಡಿದು ಬಂದ ಪ್ರೇಕ್ಷಕರು ಒಂದು ಬಯಲು ರಂಗದಿಂದ ಇನ್ನೊಂದಕ್ಕೆ ಎದ್ದು ಹೋಗುತ್ತ ಬೆಳಗು ಮಾಡಿದರು.

1967ರಲ್ಲಿ ಪ್ರಕಟವಾದ ಆ ಬೃಹತ್ ಕಾದಂಬರಿ ಹಾಗೆಯೇ ರಂಗದ ಮೇಲೆ ನಿಲ್ಲುವಂಥದ್ದಲ್ಲ. ಕಾಡು, ಹೊಳೆ, ಇಳಿಜಾರು, ಮಳೆ ಎಲ್ಲವೂ ಅಲ್ಲಿ ಲೇಖಕರ ವರ್ಣನೆಯಲ್ಲಿವೆ. ಯಾವ ಪಾತ್ರವೂ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಯಾವ ಕಥೆ ಇರಬೇಕು, ಯಾವುದು ಹೋಗಬೇಕು, ಗುತ್ತಿಯೂ ಆತನ ನಾಯಿ ಹುಲಿಯನೂ ಎಲ್ಲಿ ಪ್ರವೇಶಿಸಬೇಕು, ವರ್ಣನೆಯ ಯಾವ ಭಾಗ ಹಾಡಾಗಬೇಕು ಎಂದು ನಿರ್ಧರಿಸುವುದು ರಂಗರೂಪ ಬರೆಯುವವರ ಕೆಲಸ. ಇದನ್ನು ಬರೀ 'ಇಳಿಸುವ' ಕೆಲಸ ಎಂದು ಹಗುರವಾಗಿ ನೋಡುವವರು ನಾಟಕ ಬರೆದಿರಲಾರರು ಎಂದೇ ಹೇಳಬೇಕಾಗುತ್ತದೆ. ಕಾನೂನಂತೂ ಅದನ್ನು ಹಗುರವಾಗಿ ನೋಡಿಲ್ಲ. ಕಾದಂಬರಿಯ ಹಕ್ಕು 2054ರ ಕೊನೆಯವರೆಗೆ ಕುವೆಂಪು ಅವರ ವಾರಸುದಾರರದು, ಅವರ ಒಪ್ಪಿಗೆಯಿಂದ ಆದ ರಂಗರೂಪದ ಹಕ್ಕು ಬರೆದವರದು. ಹಾಗಾಗಿ ಇಂಥ ರಂಗರೂಪವನ್ನು ಬೇರೊಂದು ತಂಡ ಆಡಬಯಸಿದರೆ ಎರಡೂ ಕಡೆಯ ಅನುಮತಿ ಬೇಕು.

ಎಲ್ಲದಕ್ಕೂ ಹೀಗೆಯೇ ಎಂದಲ್ಲ. ಹವ್ಯಾಸಿ ಸಂಘವೊಂದು ಟಿಕೆಟ್ ಇಡದೆ ಆಡುವ ನಾಟಕಕ್ಕೆ ಕಾಯ್ದೆಯ 52ನೇ ಕಲಂ ವಿನಾಯಿತಿ ಕೊಟ್ಟಿದೆ. ಶಾಲೆ, ಕಾಲೇಜುಗಳಲ್ಲಿ ಸಿಬ್ಬಂದಿ ಮತ್ತು ವಿದ್ಯಾರ್ಥಿಗಳೇ ಆಡಿ, ಪೋಷಕರೂ ಸಂಸ್ಥೆಗೆ ಸಂಬಂಧಿಸಿದವರೂ ಮಾತ್ರ ನೋಡಿದರೆ ಅದಕ್ಕೂ ವಿನಾಯಿತಿ. ಹಳೇ ಮೈಸೂರು ಭಾಗದಿಂದ ಬಂದು ಕೆಂಗೇರಿ, ವಿಜಯನಗರ, ರಾಜಾಜಿನಗರಗಳಲ್ಲಿ ನೆಲೆಸಿದವರು ಊರಿನ ಅಭ್ಯಾಸ ಬಿಡದೆ ಆಡುವ 'ಕುರುಕ್ಷೇತ್ರ'ದಂಥ ಪೌರಾಣಿಕ ನಾಟಕಗಳು ಉಚಿತ ಪ್ರದರ್ಶನವಾಗಿದ್ದರೆ ಈ ವಿನಾಯಿತಿಗೆ ಬರುತ್ತವೆ. ಅಲ್ಲಿನ ವ್ಯವಸ್ಥೆಯೂ ವಿಚಿತ್ರ. ದುರ್ಯೋಧನನ ಪಾತ್ರ ಬೇಕೆಂದವರು ಸಂಭಾವನೆ ಪಡೆಯುವುದಿಲ್ಲ, ತಾವೇ ಕೈಯಿಂದ ಹಣ ಹಾಕುತ್ತಾರೆ. ಆ ಹಣ ಹಾರ್ಮೋನಿಯಂ ಮಾಸ್ತರರಿಗೆ, ಸೀನರಿಗೆ, ಉಡುಪಿಗೆ ಹಂಚಿಹೋಗುತ್ತದೆ. ಬರೆದವರ ಹೆಸರು ಎಷ್ಟೋ ಸಲ ಕರಪತ್ರದಲ್ಲೂ ಇರುವುದಿಲ್ಲ.

ವಿನಾಯಿತಿ ಇರುವುದು ಅನುಮತಿಗೆ, ಹೆಸರಿಗಲ್ಲ. ಕೃತಿ ತನ್ನದೆಂದು ಹೇಳಿಕೊಳ್ಳುವ ಮತ್ತು ಗೌರವಕ್ಕೆ ಕುಂದು ಬರುವಂತೆ ತಿದ್ದಿದರೆ ಆಕ್ಷೇಪಿಸುವ ವಿಶೇಷ ಹಕ್ಕನ್ನು 57ನೇ ಕಲಂ ಕರ್ತೃವಿಗೆ ಉಳಿಸಿದೆ. ಹಕ್ಕುಗಳನ್ನು ಬರೆದುಕೊಟ್ಟ ಮೇಲೂ ಇದು ಹೋಗುವುದಿಲ್ಲ. ತಾಲೀಮಿನಲ್ಲಿ ಮಾತು ಕತ್ತರಿಸುವುದು, ದೃಶ್ಯ ಹಿಂದುಮುಂದಾಗುವುದು ರಂಗಭೂಮಿಯಲ್ಲಿ ಸಹಜವಾದರೂ ನಾಟಕಕಾರರು ಬದುಕಿದ್ದರೆ ಒಂದು ದೂರವಾಣಿ ಕರೆ ಮಾಡಿ ಕೇಳುವುದರಲ್ಲಿ ಕಳೆದುಕೊಳ್ಳುವುದೇನೂ ಇಲ್ಲ.

ಹೊಸದಾಗಿ ಬರೆಯುವವರೂ ಸ್ವಲ್ಪ ಎಚ್ಚರ ವಹಿಸುವುದು ಲೇಸು. ಬರೆದ ಕ್ಷಣದಿಂದಲೇ ಹಕ್ಕು ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಸಾಕ್ಷಿಗೆ ಬೇಕೆಂದರೆ ಕೃತಿಯೊಂದಕ್ಕೆ 500 ರೂಪಾಯಿ ಶುಲ್ಕ ಕಟ್ಟಿ ಕೃತಿಸ್ವಾಮ್ಯ ಕಚೇರಿಯಲ್ಲಿ ನೋಂದಾಯಿಸಬಹುದು. ಹಕ್ಕು ವರ್ಗಾವಣೆ ಬಾಯಿಮಾತಿನಲ್ಲಿ ಆದರೆ ಸಿಂಧುವಲ್ಲ, ಸಹಿ ಮಾಡಿದ ಬರಹ ಬೇಕು. ಅದರಲ್ಲಿ ಅವಧಿ ನಮೂದಿಸದಿದ್ದರೆ ಐದು ವರ್ಷವೆಂದೂ ಪ್ರದೇಶ ನಮೂದಿಸದಿದ್ದರೆ ಇಡೀ ಭಾರತವೆಂದೂ ಅರ್ಥ. ತಂಡಕ್ಕೆ ಅನುಮತಿ ಮಾತ್ರ ಕೊಡುವುದಾದರೆ ಎಷ್ಟು ಪ್ರದರ್ಶನ, ಯಾವ ಅವಧಿ, ಪ್ರತಿ ಪ್ರದರ್ಶನಕ್ಕೆ ಎಷ್ಟು ಗೌರವಧನ, ಚಿತ್ರೀಕರಣಕ್ಕೆ ಒಪ್ಪಿಗೆ ಇದೆಯೇ ಇಲ್ಲವೇ ಎಂಬುದನ್ನು ಒಂದು ಪುಟದಲ್ಲಿ ಬರೆದು ಇಬ್ಬರೂ ಸಹಿ ಹಾಕಿದರೆ ಸಾಕು.