ಮುಸುಕಿನ ಜೋಳಕ್ಕೆ ಎಲೆಗೊಬ್ಬರ



ದಾವಣಗೆರೆ, ಹಾವೇರಿ ಕಡೆಯವರು ಗೋವಿನಜೋಳ ಎನ್ನುವ ಮುಸುಕಿನ ಜೋಳದ ವಿಚಾರ ಇವತ್ತು ಮಾತಾಡೋಣ. ‘ಎಲೆಗೇ ಗೊಬ್ಬರ ಸಿಂಪಡಿಸಿದರೆ ಸಾಲದೇನು, ಬುಡಕ್ಕೂ ಯಾಕೆ?’ ಎಂದು ಕೇಳುವವರುಂಟು. ಲೆಕ್ಕ ಹಾಕಿ ನೋಡಿ. ಶೇಕಡ 2ರ ಯೂರಿಯಾ ನೀರನ್ನು ಎಕರೆಗೆ 200 ಲೀಟರು ಹೊಡೆದರೂ ಬೆಳೆಗೆ ಹೋಗುವುದು 4 ಕಿಲೋ ಯೂರಿಯಾ. ಅದರಲ್ಲಿರುವ ಸಾರಜನಕ 2 ಕಿಲೋ ಸಹ ಆಗದು. ನೀರಾವರಿ ಬೆಳೆ ಬೇಡುವುದೋ ಎಕರೆಗೆ ಸುಮಾರು 60 ಕಿಲೋ! ಬುಡದ ಗೊಬ್ಬರ ಊಟ, ಎಲೆಯದು ಉಪ್ಪಿನಕಾಯಿ. ಊಟ ಬಿಟ್ಟರೆ ತೆನೆ ತುಂಬೋದಿಲ್ಲ.

ಸತುವಿನ ಮಾತು ಬೇರೆ. ಅದು ಬೇಕಾಗುವುದೇ ಚಿಟಿಕೆಯಷ್ಟು. ಬಿತ್ತಿದ ಎರಡು ಮೂರು ವಾರದಲ್ಲಿ ಎಳೆ ಎಲೆಯ ನಡುನರದ ಎರಡೂ ಪಕ್ಕ ಬಿಳಿಪಟ್ಟೆ ಮೂಡಿದರೆ ಸತು ಕಡಿಮೆ ಎಂದು ತಿಳಿಯಿರಿ. ಕೆಳಗಿನ ಹಳೇ ಎಲೆ ತುದಿಯಿಂದ ಹಳದಿಯಾದರೆ ಅದು ಸಾರಜನಕದ ಹಸಿವು, ಅದಕ್ಕೆ ಸತು ಹೊಡೆದರೆ ದುಡ್ಡು ದಂಡ.

10 ಲೀಟರು ನೀರಿಗೆ 50 ಗ್ರಾಂ ಜಿಂಕ್ ಸಲ್ಫೇಟು, 25 ಗ್ರಾಂ ಸುಣ್ಣ ಕದಡಿ ಸೋಸಿದ ತಿಳಿ ಸೇರಿಸಿ. ಸುಣ್ಣ ಮರೆತರೆ ಎಲೆ ಸುಟ್ಟೀತು. ಸಂಜೆ ಹೊತ್ತು, ಮಳೆಮೋಡ ಇಲ್ಲದಾಗ ಸಿಂಪಡಿಸಿ. ಹತ್ತು ದಿನ ಬಿಟ್ಟು ಇನ್ನೊಮ್ಮೆ. ಹಳೇ ಪಟ್ಟೆ ಹೋಗಲಿಲ್ಲವೆಂದು ಗಾಬರಿ ಬೇಡ, ಹೊಸ ಸುಳಿ ಹಸುರಾಗಿ ಬಂತೇ ನೋಡಿ.