ಬಿಲ್ಲಿ ಟಿಕೆ: 'ಮಾವೊರಿ ಹೆಂಡ್ರಿಕ್ಸ್' ಅನ್ನೋ ಬಿರುದಿನ ಆಚೆಗೆ

ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ 'ಅಭಿನವ ಪಂಪ' ಅಂತ ಒಬ್ಬ ಕವಿ ಇದ್ದಾನೆ. ಪಿಯುಸಿಯಲ್ಲಿ ಕನ್ನಡ ಓದಿದ ನಮ್ಮಲ್ಲಿ ಅನೇಕರಿಗೆ ಬಿರುದು ನೆನಪಿದೆ, ಹೆಸರು ಮಾತ್ರ ಥಟ್ಟನೆ ಬಾಯಿಗೆ ಬರಲ್ಲ. ಆತ ನಾಗಚಂದ್ರ. 'ರಾಮಚಂದ್ರಚರಿತ ಪುರಾಣ' ಬರೆದವನು. ರಾವಣನನ್ನು ಬರೀ ಖಳನಾಗಿ ನಿಲ್ಲಿಸದೆ, ತಾನು ಮಾಡಿದ್ದಕ್ಕೆ ಒಳಗೊಳಗೇ ಮರುಗುವ ಮನುಷ್ಯನಾಗಿ ತೋರಿಸಿದವನು. ಅದು ಪಂಪನ ದಾರಿಯಲ್ಲ, ಅವನದೇ ದಾರಿ. ಆದರೆ ಬಿರುದು ಅವನನ್ನು ಇವತ್ತಿಗೂ ಪಂಪನ ನೆರಳಲ್ಲೇ ನಿಲ್ಲಿಸಿದೆ. ಹೋಲಿಸಿ ಹೊಗಳುವುದರ ತೊಂದರೆ ಇದು: ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ಕೊಳ್ಳುತ್ತೆ.

ನಾವೀಗ ಓದುತ್ತಿರುವ ನ್ಯೂಜಿಲೆಂಡ್‌ನಲ್ಲೂ ಇಂಥದೇ ಬಿರುದು ಹೊತ್ತ ಒಬ್ಬ ಕಲಾವಿದರಿದ್ದಾರೆ. ಬಿಲ್ಲಿ ಟೆ ಕಾಹಿಕಾ, ಎಲ್ಲರ ಬಾಯಲ್ಲಿ ಬಿಲ್ಲಿ ಟಿಕೆ. ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ಬ್ಲೂಸ್-ರಾಕ್ ನುಡಿಸಿದ ಮಾವೊರಿ ಕಲಾವಿದರು. ಜನ ಕೊಟ್ಟ ಬಿರುದು 'ಮಾವೊರಿ ಹೆಂಡ್ರಿಕ್ಸ್'. ಅವರನ್ನು ಕೇಳಿದವರು ಬಿಡದೆ ಕೇಳ್ತಾರೆ, "ಈ ಮನುಷ್ಯನಿಗೆ ಸಿಗಬೇಕಾದ್ದು ಸಿಗಲಿಲ್ಲ" ಅಂತ ಹಲುಬುತ್ತಾರೆ. ಕೇಳದವರಿಗೆ ಹೆಸರೇ ಗೊತ್ತಿಲ್ಲ. ಈ ಅಭಿಮಾನ ಎಲ್ಲಿಂದ ಬಂತು, ಅದರಲ್ಲಿ ಎಷ್ಟು ಸತ್ವ ಇದೆ ಅಂತ ನೋಡೋಣ.

ಪಾಪಕುರಾದಲ್ಲಿ ಕೂತು ಇದನ್ನು ಯಾಕೆ ಬರೀಬೇಕು ಅಂದ್ರೆ, 'ಪಾಪಕುರಾ' ಅನ್ನೋದೇ ಮಾವೊರಿ ಪದ. 'ಪಾಪ' ಅಂದರೆ ನೆಲ, 'ಕುರಾ' ಅಂದರೆ ಕೆಂಪು. ಕೆಂಪು ಮಣ್ಣಿನ ಊರಿಂದ ಕೆಂಪು ಮಣ್ಣಿನ ಊರಿಗೇ ಬಂದಿದ್ದೇವೆ! ಆದರೆ ಸ್ಟೇಷನ್ ಬೋರ್ಡುಗಳ ಮೇಲಿನ ಹೆಸರು ಮತ್ತು 'ಕಿಯಾ ಓರಾ' ಬಿಟ್ಟರೆ ಈ ನೆಲದ ಜನರ ಬಗ್ಗೆ ನಮಗೆ ಗೊತ್ತಿರೋದು ಕಮ್ಮಿ. ಒಂದು ಊರನ್ನು ತಿಳಿಯೋಕೆ ಅಲ್ಲಿನ ಸಂಗೀತ ಒಳ್ಳೆ ಬಾಗಿಲು.

ಯಾರಿವರು?

ಮಾವೊರಿ ಮನೆಗಳಲ್ಲಿ ಗಿಟಾರ್ ಹೊಸದೇನಲ್ಲ. ಕೂಟ, ಮದುವೆ, ಸಾವು, ಎಲ್ಲದಕ್ಕೂ ಗಿಟಾರ್ ಜೊತೆ ಹಾಡು ಇದ್ದೇ ಇರುತ್ತೆ. 1960ರ ದಶಕದ ಕೊನೆಯಿಂದ ಇಲ್ಲಿನ ಪಾರ್ಟಿಗಳ ಕಾಯಂ ಹಾಡಾಗಿರೋದು 'ಟೆನ್ ಗಿಟಾರ್ಸ್'. ಅದನ್ನು ಹಾಡಿದ ಎಂಗಲ್‌ಬರ್ಟ್ ಹಂಪರ್‌ಡಿಂಕ್ ಹುಟ್ಟಿದ್ದು 1936ರಲ್ಲಿ ನಮ್ಮ ಪಕ್ಕದ ಮದ್ರಾಸಿನಲ್ಲಿ ಅನ್ನೋದು ಇಲ್ಲಿನ ಗೆಳೆಯರಿಗೂ ಅಚ್ಚರಿ ತರುವ ಸಂಗತಿ. ಇಂಥ ವಾತಾವರಣದಲ್ಲಿ ಗಿಟಾರ್ ಅಂದರೆ ಎಲ್ಲರೂ ಕೂಡಿ ಹಾಡಲು ಆಸರೆಯಾಗುವ ವಾದ್ಯ. ಬಿಲ್ಲಿ ಟಿಕೆ ಅದನ್ನು ಒಂಟಿಯಾಗಿ ಮಾತಾಡುವ ವಾದ್ಯವಾಗಿ ಕೈಗೆತ್ತಿಕೊಂಡರು.

ಅವರು ಹೆಸರು ಮಾಡಿದ್ದು 'ದಿ ಹ್ಯೂಮನ್ ಇನ್‌ಸ್ಟಿಂಕ್ಟ್' ತಂಡದಲ್ಲಿ. 'ಫೋರ್ ಫೋರ್ಸ್' ಅನ್ನೋ ತಂಡ 1966ರಲ್ಲಿ ಇಂಗ್ಲೆಂಡಿಗೆ ಹೊರಟಾಗ ಇಟ್ಟುಕೊಂಡ ಹೊಸ ಹೆಸರು ಅದು. ಕೂರದೆ, ನಿಂತೇ ಡ್ರಮ್ಸ್ ಬಾರಿಸುತ್ತಾ ಹಾಡುತ್ತಿದ್ದ ಮಾರಿಸ್ ಗ್ರೀರ್ ನ್ಯೂಜಿಲೆಂಡಿಗೆ ವಾಪಸಾಗಿ ತಂಡವನ್ನು ಹೊಸದಾಗಿ ಕಟ್ಟಿದಾಗ ಬಿಲ್ಲಿ ಟಿಕೆ ಸೇರಿದರು. ಗಿಟಾರ್, ಬಾಸ್, ಡ್ರಮ್ಸ್, ಮೂವರೇ. ಮೂರು ವರ್ಷದಲ್ಲಿ ಮೂರು ಆಲ್ಬಮ್: 1969ರಲ್ಲಿ 'ಬರ್ನಿಂಗ್ ಅಪ್ ಇಯರ್ಸ್', 1970ರಲ್ಲಿ 'ಸ್ಟೋನ್ಡ್ ಗಿಟಾರ್', 1971ರಲ್ಲಿ 'ಪಿನ್ಸ್ ಇನ್ ಇಟ್'. ಆಮೇಲೆ ಬಿಲ್ಲಿ ಟಿಕೆ ಹೊರಬಂದು 'ಪವರ್‌ಹೌಸ್' ಅಂತ ತಮ್ಮದೇ ತಂಡ ಕಟ್ಟಿದರು. ಅಭಿಮಾನಿಗಳು ಮತ್ತೆ ಮತ್ತೆ ಮರಳೋದು ನಡುವಿನ ಆಲ್ಬಮ್ಮಿಗೆ, 'ಸ್ಟೋನ್ಡ್ ಗಿಟಾರ್'ಗೆ.

ಕಿವಿಗೆ ಏನು ಸಿಗುತ್ತೆ?

"ಸಕ್ಕತ್ತಾಗಿದೆ" ಅಂದುಬಿಟ್ಟರೆ ಏನನ್ನೂ ಹೇಳಿದ ಹಾಗಾಗಲ್ಲ. ಇಂಜಿನಿಯರಿಂಗ್ ಓದಿದವರಿಗೂ, ಚಿಕ್ಕಂದಿನಲ್ಲಿ ಸಂಗೀತದ ಪಾಠಕ್ಕೆ ಹೋದವರಿಗೂ ಅರ್ಥವಾಗುವ ಹಾಗೆ ಬಿಡಿಸಿ ನೋಡಬಹುದು.

ಮೊದಲು ಸ್ವರ. ಬ್ಲೂಸ್ ಗಿಟಾರ್‌ನ ತಳಹದಿ ಐದು ಸ್ವರದ ಒಂದು ಸಾಲು. ನಮ್ಮ ಲೆಕ್ಕದಲ್ಲಿ ಷಡ್ಜ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಕೈಶಿಕಿ ನಿಷಾದ. ಅಂದರೆ ಶುದ್ಧ ಧನ್ಯಾಸಿ ರಾಗದ ಸ್ವರಗಳೇ. ಆದರೆ ಬ್ಲೂಸ್‌ನವರು ಗಾಂಧಾರವನ್ನು ಇದ್ದಲ್ಲೇ ಇರೋಕೆ ಬಿಡಲ್ಲ. ಸಾಧಾರಣಕ್ಕೂ ಅಂತರ ಗಾಂಧಾರಕ್ಕೂ ನಡುವೆ ಎಲ್ಲೋ ಒಂದು ಕಡೆ ಎಳೆದು ನಿಲ್ಲಿಸ್ತಾರೆ. ಬ್ಲೂಸ್‌ನ ಅಳು ಇರೋದು ಆ ನಡುವಿನ ಜಾಗದಲ್ಲಿ. ಗಮಕ ಕೇಳಿ ಬೆಳೆದ ಕಿವಿಗೆ ಇದು ಬೇಗ ಹಿಡಿಸುತ್ತೆ.

ಎಳೆಯೋದು ಹೇಗೆ? ವೀಣೆಯಲ್ಲಿ ಮಾಡುವ ಹಾಗೇ, ಮೆಟ್ಟಿಲ ಮೇಲೆ ತಂತಿಯನ್ನು ಪಕ್ಕಕ್ಕೆ ಎಳೀತಾರೆ. ತಂತಿಯ ಬಿಗಿತ ಹೆಚ್ಚಿ ಸ್ವರ ಏರುತ್ತೆ. ಷಡ್ಜದಿಂದ ಚತುಶ್ರುತಿ ರಿಷಭದಷ್ಟು ಏರಬೇಕಾದರೆ ಕಂಪನಾಂಕ ಸುಮಾರು 12% ಹೆಚ್ಚಬೇಕು. ಕಂಪನಾಂಕ ಬಿಗಿತದ ವರ್ಗಮೂಲದ ಪ್ರಕಾರ ಹೋಗೋದರಿಂದ ಬಿಗಿತ ಸುಮಾರು 26% ಹೆಚ್ಚಬೇಕು. ಬೆರಳಿನ ತುದಿಯಲ್ಲಿ, ಅಳತೆ ಪಟ್ಟಿ ಇಲ್ಲದೆ, ಬರೀ ಕಿವಿ ನಂಬಿ ಇದನ್ನು ಮಾಡಬೇಕು. ಏರಿದ ಮೇಲೆ ಅಲ್ಲೇ ನಿಂತು ಸ್ವರವನ್ನು ನಡುಗಿಸಬೇಕು. ಕೈಚಳಕ ಅನ್ನೋದು ವೇಗದಲ್ಲಿ ಅಷ್ಟಾಗಿ ಗೊತ್ತಾಗಲ್ಲ, ಇಲ್ಲಿ ಗೊತ್ತಾಗುತ್ತೆ.

ಇನ್ನು ವಿದ್ಯುತ್ತು. ಎಲೆಕ್ಟ್ರಿಕ್ ಗಿಟಾರ್‌ನ ಉಕ್ಕಿನ ತಂತಿ ಕಂಪಿಸಿದಾಗ ಕೆಳಗಿರುವ ಅಯಸ್ಕಾಂತ ಮತ್ತು ಸುರುಳಿ ಸೇರಿ ಸಣ್ಣ ವೋಲ್ಟೇಜ್ ಹುಟ್ಟಿಸುತ್ತವೆ. 'ಫಜ್' ಪೆಡಲ್ ಅದನ್ನು ಅತಿಯಾಗಿ ಹಿಗ್ಗಿಸಿ ತರಂಗದ ತಲೆ ಕತ್ತರಿಸುತ್ತೆ. ಸ್ವರ ಒರಟಾಗುತ್ತೆ, ಜೊತೆಗೆ ಬೇಗ ಸಾಯದೆ ಉದ್ದವಾಗಿ ನಿಲ್ಲುತ್ತೆ. 'ವಾ' ಪೆಡಲ್ ಅಂದರೆ ಪಾದದಿಂದ ಸರಿದಾಡಿಸುವ ಒಂದು ಫಿಲ್ಟರ್. ಬಾಯಿ ತೆರೆದು ಮುಚ್ಚಿ 'ವಾ' ಅಂದ ಹಾಗೆ ಗಿಟಾರ್ ಮಾತಾಡುತ್ತೆ.

ಕೊನೆಯದು ಫೀಡ್‌ಬ್ಯಾಕ್. ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಮೈಕು ಸ್ಪೀಕರ್ ಮುಂದೆ ಹೋದಾಗ 'ಕುಂಯ್' ಅಂತ ಕಿರುಚುತ್ತಲ್ಲ, ಅದೇ. ಸ್ಪೀಕರ್‌ನ ಶಬ್ದ ತಂತಿಯನ್ನು ಅಲುಗಿಸುತ್ತೆ, ತಂತಿ ಮತ್ತೆ ಸ್ಪೀಕರ್‌ಗೆ ಸುದ್ದಿ ಕಳಿಸುತ್ತೆ, ಹೀಗೆ ಸುತ್ತು ಮುಗಿಯೋದೇ ಇಲ್ಲ. ನಮ್ಮ ಸೌಂಡ್ ಸಿಸ್ಟಮ್‌ನವರು ಅದನ್ನು ಕಂಡರೆ ಓಡಿ ಬರ್ತಾರೆ. ಇಲ್ಲಿ ಕಲಾವಿದ ಅದನ್ನು ಬೇಕಂತಲೇ ಕರೀತಾರೆ. ಗಿಟಾರ್ ಹಿಡಿದ ಕೋನ, ಸ್ಪೀಕರ್‌ಗಿರುವ ದೂರ ಬದಲಿಸುತ್ತಾ ಯಾವ ಸ್ವರ ಕೂಗಬೇಕು ಅಂತ ಆರಿಸ್ತಾರೆ.

ಇವೆಲ್ಲ ಜಿಮಿ ಹೆಂಡ್ರಿಕ್ಸ್ ಜಗತ್ತಿಗೆ ತೋರಿಸಿದ ದಾರಿಗಳೇ, ಅದರಲ್ಲಿ ಎರಡು ಮಾತಿಲ್ಲ. ಆದರೆ 'ಸ್ಟೋನ್ಡ್ ಗಿಟಾರ್' ಕೇಳಿದರೆ ವ್ಯತ್ಯಾಸವೂ ಗೊತ್ತಾಗುತ್ತೆ. ಹೆಂಡ್ರಿಕ್ಸ್ ಎಷ್ಟೇ ದೂರ ಹೋದರೂ ಹೆಚ್ಚಾಗಿ ಹಾಡಿಗೆ ವಾಪಸ್ ಬರ್ತಾರೆ. ಅವರು ಗೀತೆ ಬರೆಯುವವರೂ ಹೌದು. ಬಿಲ್ಲಿ ಟಿಕೆಗೆ ಹಾಡು ಬರೀ ಹೊಸ್ತಿಲು. ಮೊದಲ ಹಾಡು 'ಬ್ಲಾಕ್ ಸ್ಯಾಲಿ'ಯಲ್ಲೇ ಗಿಟಾರ್ ಹೊಸ್ತಿಲು ದಾಟಿ ಹೋಗಿ ಉದ್ದಕ್ಕೆ ಅಲೆಯುತ್ತೆ. ಅವಸರ ಇಲ್ಲ. ನಮ್ಮಲ್ಲಿ ಕೃತಿಗಿಂತ ಆಲಾಪನೆಗೆ ಕಾಯುವ ಕೇಳುಗರಿರ್ತಾರಲ್ಲ, ಬಿಲ್ಲಿ ಟಿಕೆ ಅಂಥವರ ಗಿಟಾರ್ ವಾದಕ.

ಇಷ್ಟಿದ್ದೂ ಹೆಸರು ಯಾಕೆ ಹರಡಲಿಲ್ಲ?

ಮೊದಲನೇ ಕಾರಣ ದೂರ. ಆಗ ನ್ಯೂಜಿಲೆಂಡಿನ ಜನಸಂಖ್ಯೆ ಸುಮಾರು 28 ಲಕ್ಷ. 1971ರ ಗಣತಿಯಲ್ಲಿ ಅಂದಿನ ಮೈಸೂರು ರಾಜ್ಯದ ಜನಸಂಖ್ಯೆಯೇ 2.9 ಕೋಟಿ. ಅಂದರೆ ನಮ್ಮ ಹತ್ತನೇ ಒಂದು ಪಾಲಿನಷ್ಟೂ ಇಲ್ಲದ ಮಾರುಕಟ್ಟೆ, ಅದೂ ಸಮುದ್ರದ ನಡುವೆ. ಹೆಂಡ್ರಿಕ್ಸ್ ಈ ದೇಶಕ್ಕೆ ಬರಲೇ ಇಲ್ಲ, 1970ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಆದರೆ ರೆಕಾರ್ಡುಗಳು ಬರ್ತಿದ್ದವು. ಐರ್ಲೆಂಡಿನ ರೋರಿ ಗ್ಯಾಲಹರ್ ತಮ್ಮ 'ಟೇಸ್ಟ್' ತಂಡದ ಜೊತೆ 1970ರಲ್ಲಿ ಹೊರತಂದ 'ರೈಲ್ವೆ ಅಂಡ್ ಗನ್' ಹಾಡು ಅದೇ ವರ್ಷ 'ಸ್ಟೋನ್ಡ್ ಗಿಟಾರ್'ನಲ್ಲೂ ಇದೆ. ಹೊರಗಿನ ಸಂಗೀತ ಈ ದ್ವೀಪಗಳಿಗೆ ಅಷ್ಟು ಬೇಗ ತಲುಪುತ್ತಿತ್ತು. ಇಲ್ಲಿಂದ ಹೊರಗೆ ಹೋಗುವ ದಾರಿ ಮಾತ್ರ ಅಷ್ಟು ಸಲೀಸಾಗಿರಲಿಲ್ಲ.

ಎರಡನೆಯದು ರೇಡಿಯೊ. ಸರ್ಕಾರಿ ರೇಡಿಯೊದಲ್ಲಿ ರಾಕ್‌ಗೆ ಜಾಗ ಕಮ್ಮಿ ಅಂತಲೇ 1966ರಲ್ಲಿ ಕೆಲವು ಹುಡುಗರು ಹಡಗೊಂದರಿಂದ 'ರೇಡಿಯೊ ಹೌರಾಕಿ' ಶುರು ಮಾಡಿದ್ದರು. ಅದಕ್ಕೆ ದಡದ ಮೇಲೆ ಪರವಾನಗಿ ಸಿಕ್ಕಿದ್ದು 1970ರಲ್ಲಿ. ಹಾಗಿದ್ದೂ ರೇಡಿಯೊಗೆ ಬೇಕಿದ್ದುದು ಮೂರು ನಿಮಿಷದ ಹಾಡು. ನಿಧಾನವಾಗಿ ಬಿಚ್ಚಿಕೊಳ್ಳುವ ಗಿಟಾರ್‌ಗೆ ಅಲ್ಲಿ ಸಮಯ ಎಲ್ಲಿಂದ ಬರಬೇಕು?

ಮೂರನೆಯದು ಆ ಬಿರುದು. 'ಮಾವೊರಿ ಹೆಂಡ್ರಿಕ್ಸ್' ಅಂದಾಕ್ಷಣ ಹೊಸಬರು ಕಿವಿ ಕೊಡ್ತಾರೆ, ನಿಜ. ಆದರೆ ಹೆಂಡ್ರಿಕ್ಸ್‌ರನ್ನೇ ಹುಡುಕುತ್ತಾ ಕೇಳಿ, "ಒರಿಜಿನಲ್ ಇರುವಾಗ ನಕಲು ಯಾಕೆ" ಅಂತ ಎದ್ದು ಹೋಗ್ತಾರೆ.

ಹಾಡು ಬಿಟ್ಟು ಭಾರತಕ್ಕೆ ಹೋದವರು

'ಸ್ಟೋನ್ಡ್ ಗಿಟಾರ್'ನಲ್ಲಿ 'ಮಿಡ್‌ನೈಟ್ ಸನ್' ಅಂತ ಒಂದು ಹಾಡಿದೆ. ಅದನ್ನು ಬರೆದವರು ಡಗ್ ಜೆರೆಬೈನ್, ಇವರೂ ನ್ಯೂಜಿಲೆಂಡಿನ ಗಿಟಾರ್ ವಾದಕರೇ, ಸಿತಾರ್ ಕೂಡ ನುಡಿಸುತ್ತಿದ್ದವರು. 'ಜೆಸ್ಸಿ ಹಾರ್ಪರ್' ಅನ್ನೋ ಹೆಸರಿನಲ್ಲಿ 1969ರಲ್ಲಿ ಲಂಡನ್ನಿನಲ್ಲಿ ಇಡೀ ಆಲ್ಬಮ್ ರೆಕಾರ್ಡ್ ಮಾಡಿದರು. ಅದು ಬಿಡುಗಡೆ ಆಗಲೇ ಇಲ್ಲ. ಜೆರೆಬೈನ್ ರಾಕ್ ಸಂಗೀತ ಬಿಟ್ಟು ಹರೇ ಕೃಷ್ಣ ಪಂಥ ಸೇರಿ, ಹಲವು ವರ್ಷ ಭಾರತದಲ್ಲೇ ಕಳೆದರು. ಕೊನೆಗೆ 2012ರಲ್ಲಿ ಅಮೆರಿಕದ ಡ್ರ್ಯಾಗ್ ಸಿಟಿ ಕಂಪನಿ ಆ ಆಲ್ಬಮ್ ಹೊರತಂದಿತು. ರೆಕಾರ್ಡ್ ಮಾಡಿ 43 ವರ್ಷ ಆದಮೇಲೆ!

ಅಷ್ಟೂ ವರ್ಷ ಆ ಹಾಡು ಜನರಿಗೆ ಸಿಕ್ಕಿದ್ದು ಬಿಲ್ಲಿ ಟಿಕೆಯ ಬೆರಳಿನಲ್ಲಿ. ಅಭಿಮಾನಿಗಳ ಮೆಚ್ಚುಗೆಗೆ ಇದೂ ಒಂದು ಕಾರಣ. ಒಬ್ಬರ ಹಾಡನ್ನು ಇನ್ನೊಬ್ಬರು ಉಳಿಸಿದರು, ಆ ಇನ್ನೊಬ್ಬರನ್ನು ಕೇಳುಗರು ಉಳಿಸಿಕೊಂಡರು.

ಉಳಿಸಿಕೊಳ್ಳೋದು ಅಂದ್ರೆ

ಬೆಂಗಳೂರಿನಲ್ಲಿ ಪಿಟೀಲು ವಿದ್ವಾಂಸ ಚೌಡಯ್ಯನವರ ನೆನಪಿಗೆ ಪಿಟೀಲಿನ ಆಕಾರದ ಸಭಾಂಗಣವೇ ಇದೆ. ಅಂಥ ಅದೃಷ್ಟ ಎಲ್ಲರಿಗೂ ಇರಲ್ಲ. ಬಿಲ್ಲಿ ಟಿಕೆಯಂಥವರು ಉಳಿಯೋದು ಹಳೇ ಎಲ್‌ಪಿ ಜೋಪಾನ ಮಾಡಿದವರಿಂದ, ಮರುಮುದ್ರಣಕ್ಕೆ ಹಟ ಹಿಡಿದವರಿಂದ. 'ಸ್ಟೋನ್ಡ್ ಗಿಟಾರ್' ಮುಂದೆ ಹೊರದೇಶಗಳಲ್ಲೂ ಮರುಮುದ್ರಣ ಆಯ್ತು. ಮೊದಲ ಮುದ್ರಣದ ಪ್ರತಿಗೆ ಸಂಗ್ರಾಹಕರು ದೊಡ್ಡ ಬೆಲೆ ಕೊಡ್ತಾರೆ.

ಆದರೆ ಅಭಿಮಾನಕ್ಕೂ ಒಂದು ಹದ ಬೇಕು. "ಹೆಂಡ್ರಿಕ್ಸ್‌ಗಿಂತ ಇವರೇ ಮೇಲು" ಅನ್ನೋ ಜಗಳ ಹೂಡಿದರೆ ಮತ್ತೆ ಹೋಲಿಕೆಯ ಬಲೆಗೇ ಬೀಳ್ತೀವಿ. "ಯಾರಿಗೂ ಗೊತ್ತಿಲ್ಲ, ನಮಗೆ ಮಾತ್ರ ಗೊತ್ತು" ಅನ್ನೋ ಜಂಬವೂ ಕಲಾವಿದರಿಗೆ ಉಪಕಾರ ಮಾಡಲ್ಲ. ಗೊತ್ತಿಲ್ಲದವರಿಗೆ ಕೇಳಿಸೋದೇ ಅವರಿಗೆ ಮಾಡುವ ಉಪಕಾರ. ಬೆಂಗಳೂರಿನ 'ಥರ್ಮಲ್ ಅಂಡ್ ಎ ಕ್ವಾರ್ಟರ್' ತಂಡದ ಬ್ರೂಸ್ ಲೀ ಮಣಿ ಅವರ ಗಿಟಾರ್ ಬಗ್ಗೆ ಬಾಯಿತುಂಬ ಹೊಗಳುವ ಗೆಳೆಯರು ನಮ್ಮಲ್ಲೂ ಇದ್ದಾರೆ. 1996ರಿಂದ ಇರುವ ತಂಡ ಅದು. ಅವರಿಗೂ ಇದೇ ಮಾತು: ಬೆಂಗಳೂರಿನ ಇಂಥವರು ಅಂತ ಬೇರೆ ಯಾರ ಹೆಸರನ್ನೋ ಅಂಟಿಸಬೇಡಿ, ಒಂದು ಹಾಡು ಕೇಳಿಸಿ.

ಕೇಳಲು ಶುರು ಮಾಡೋದು ಹೀಗೆ

ಮೊದಲ ಸಲ 'ಬ್ಲಾಕ್ ಸ್ಯಾಲಿ' ಕೇಳಿ, ಗಿಟಾರ್ ಹಾಡನ್ನು ಬಿಟ್ಟು ಎಲ್ಲಿ ಹೊರಡುತ್ತೆ ಅಂತ ಗಮನಿಸಿ. ಎರಡನೇ ಸಲ ಒಂದೇ ಒಂದು ಎಳೆದ ಸ್ವರ ಆರಿಸಿ, ಅದು ಎಲ್ಲಿಂದ ಹೊರಟು ಎಲ್ಲಿ ನಿಲ್ಲುತ್ತೆ, ನಿಂತ ಮೇಲೆ ಹೇಗೆ ನಡುಗುತ್ತೆ ಅಂತ ನೋಡಿ. ಆಮೇಲೆ 'ಮಿಡ್‌ನೈಟ್ ಸನ್' ಅನ್ನು ಜೆರೆಬೈನ್ ಮತ್ತು ಬಿಲ್ಲಿ ಟಿಕೆ ಇಬ್ಬರಲ್ಲೂ ಒಂದಾದ ಮೇಲೆ ಒಂದು ಕೇಳಿ. ಒಂದೇ ಕೀರ್ತನೆಯನ್ನು ಇಬ್ಬರು ವಿದ್ವಾಂಸರಲ್ಲಿ ಕೇಳಿದ ಹಾಗೆ. ಶೀರ್ಷಿಕೆಯ ಹಾಡನ್ನು ಕೊನೆಗಿಟ್ಟುಕೊಳ್ಳಿ, ಅದರಲ್ಲಿ ಗಿಟಾರ್‌ನದೇ ಕಾರುಬಾರು, ಮೊದಲೇ ಕೇಳಿದರೆ ಗಲಾಟೆ ಅನ್ನಿಸಬಹುದು. ಮಗನ ಹೆಸರೂ ಬಿಲ್ಲಿ ಟಿಕೆಯೇ, ಅವರೂ ಬ್ಲೂಸ್ ಗಿಟಾರ್ ವಾದಕರೇ, 2020ರ ಚುನಾವಣೆಯಲ್ಲಿ ರಾಜಕೀಯಕ್ಕೂ ಇಳಿದವರು. ನಿಮಗೆ ಬೇಕಾಗಿರೋದು ತಂದೆಯ ರೆಕಾರ್ಡು, ಆದ್ದರಿಂದ ಹ್ಯೂಮನ್ ಇನ್‌ಸ್ಟಿಂಕ್ಟ್ ಹೆಸರು ನೋಡಿ ತಗೊಳ್ಳಿ.

ಪಾಪಕುರಾದಿಂದ ಆಕ್ಲೆಂಡ್ ಪೇಟೆಗೆ ರೈಲು ತಗೊಳ್ಳೋ ಸಮಯದಲ್ಲಿ ಒಂದು ಎಲ್‌ಪಿಯ ಎರಡೂ ಮಗ್ಗುಲು ಮುಗಿಯುತ್ತೆ. ಹೇಗೂ ಇಯರ್‌ಫೋನ್ ಹಾಕ್ಕೊಂಡೇ ಹೋಗ್ತೀವಿ. ಕೇಳಿ ಮುಗಿಸಿದ ಮೇಲೆ ತರಗತಿಯಲ್ಲಿರುವ ಮಾವೊರಿ ಗೆಳೆಯರ ಹತ್ತಿರ ಬಿಲ್ಲಿ ಟಿಕೆ ಬಗ್ಗೆ ಕೇಳಿ ನೋಡಿ. ಅವರ ಮನೆಯ ಹಿರಿಯರು ಯಾರಾದರೂ ಅವರನ್ನು ವೇದಿಕೆಯಲ್ಲೇ ಕಂಡಿದ್ದರೆ, ಆ ಕತೆಯನ್ನು ಮುಂದಿನ ವರ್ಷದ ಸಂಚಿಕೆಗೆ ಬರೆದು ಕೊಡಿ.